ನನ್ನ ಹೆಸರಿನ ಇನ್ನೊಬ್ಬ

ಕಳೆದ ಶ್ರಾವಣದಲ್ಲಿ ಒಂದು ದಿನ, ಬೆಳಗಿನ ಹತ್ತು ಗಂಟೆಗೂ ಹನ್ನೊಂದು ಗಂಟೆಗೂ ನಡುವೆ, ಒಬ್ಬನೇ ಆಗಿದ್ದ ನಾನು ಇಬ್ಬರಾದೆ. ಪುರಾಣಗಳಲ್ಲಿ ಇಂಥ ಸಂಗತಿಗಳು ನಡೆದುದುಂಟು. ಗೌತಮನ ಆಶ್ರಮಕ್ಕೆ ಗೌತಮನ ರೂಪದಲ್ಲೇ ಮತ್ತೊಬ್ಬನು ಬಂದ ಕತೆಯನ್ನು ಕೇಳದವರಿಲ್ಲ. ಛಾಯಾದೇವಿಯು ಸಂಜ್ಞೆಯ ರೂಪ ತಾಳಿ ಸೂರ್ಯನ ಮನೆಯಲ್ಲಿ ಸಂಸಾರ ನಡೆಸಿದಳೆಂಬುದೂ ಪ್ರಸಿದ್ಧವೇ. ಆದರೆ ಆ ಮಾಯೆಗಳಿಗೆ ತಪಸ್ಸೋ ವರವೋ ದೈವಶಕ್ತಿಯೋ ಬೇಕಾಗಿತ್ತು. ನನ್ನ ಎರಡನೆಯ ಅವತಾರಕ್ಕೆ ಬೇಕಾದದ್ದು ಒಂದು ಮೊಬೈಲು, ನನ್ನದೊಂದು ಭಾವಚಿತ್ರ, ಸ್ವಲ್ಪ ಬಿಡುವು, ಇಷ್ಟೇ.

ಆ ಹೊತ್ತಿನಲ್ಲಿ ನಾನು ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿ ಪಾಠ ಹೇಳುತ್ತಿದ್ದೆ. ತರಗತಿಗೆ ಹೋಗುವಾಗ ಫೋನಿನ ಬಾಯಿ ಕಟ್ಟಿ ಚೀಲದೊಳಗಿಡುವುದು ನನ್ನ ಪದ್ಧತಿ. ಅಧ್ಯಾಪಕರ ಕೊಠಡಿಗೆ ಹಿಂದಿರುಗಿ ತೆಗೆದು ನೋಡಿದರೆ ಹನ್ನೊಂದು ಕರೆಗಳು ಬಂದು ಹೋಗಿದ್ದವು. ನನ್ನಂಥವನಿಗೆ ವಾರಕ್ಕೆ ಹನ್ನೊಂದು ಕರೆ ಬಂದರೆ ಹೆಚ್ಚು. ಏನು ಅನಾಹುತವೋ ಎಂದುಕೊಂಡು ಮೊದಲ ಸಂಖ್ಯೆಗೆ ತಿರುಗಿ ಕರೆಮಾಡಿದೆ. ಅತ್ತ ಕಡೆಯಲ್ಲಿದ್ದವನು ದಾವಣಗೆರೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ಶಿಷ್ಯ. ಅವನು ಕಾಲೇಜು ಬಿಟ್ಟು ಹನ್ನೆರಡು ವರ್ಷಗಳ ಮೇಲಾಯಿತು. ಯುಗಾದಿಗೊಮ್ಮೆ, ಶಿಕ್ಷಕರ ದಿನಾಚರಣೆಗೊಮ್ಮೆ ತಪ್ಪದೆ ನೆನೆಯುವ ಹುಡುಗ.

“ಸಾರ್, ದುಡ್ಡು ಮುಟ್ಟಿತೆ? ಅಮ್ಮನವರು ಈಗ ಹೇಗಿದ್ದಾರೆ?” ಎಂದ.

ನನ್ನ ತಾಯಿ ಆ ಹೊತ್ತಿನಲ್ಲಿ ನಮ್ಮ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಕರಿಬೇವಿನ ಸೊಪ್ಪು ಬಿಡಿಸುತ್ತಿದ್ದಿರಬೇಕು. “ಯಾವ ದುಡ್ಡು?” ಎಂದು ಕೇಳಿದೆ. ಅತ್ತ ಕಡೆಯಲ್ಲಿ ಒಂದು ಕ್ಷಣ ಮೌನ. ಆ ಮೌನದಲ್ಲೇ ಅವನಿಗೆ ಎಲ್ಲವೂ ಅರ್ಥವಾಯಿತು. ನನಗೆ ಅರ್ಥವಾಗುವುದಕ್ಕೆ ಇನ್ನೂ ಕಾಲು ಗಂಟೆ ಹಿಡಿಯಿತು.

ನಡೆದುದಿಷ್ಟು. ಜಾಲತಾಣವೊಂದರಲ್ಲಿ ನನ್ನ ಹೆಸರಿನ, ನನ್ನ ಚಿತ್ರದ, ನನ್ನ ಕಾಲೇಜಿನ ವಿವರಗಳುಳ್ಳ ಹೊಸ ಖಾತೆಯೊಂದನ್ನು ಯಾರೋ ತೆರೆದಿದ್ದರು. ಅದರಿಂದ ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಸ್ನೇಹದ ಕೋರಿಕೆ ಹೋಯಿತು. ಒಪ್ಪಿಕೊಂಡವರಿಗೆ ಒಡನೆಯೇ ಒಂದು ಒಕ್ಕಣೆ: ತಾಯಿಯನ್ನು ಆಸ್ಪತ್ರೆಗೆ ಸೇರಿಸಿದೆ, ತುರ್ತಾಗಿ ಹಣ ಬೇಕು, ನಾಳೆ ಬೆಳಿಗ್ಗೆ ಹಿಂದಿರುಗಿಸುತ್ತೇನೆ. ಹತ್ತು ಮಂದಿ ಸಂಶಯಪಟ್ಟು ನನಗೆ ಫೋನು ಮಾಡಿದರು. ಹನ್ನೊಂದನೆಯವನು ಮಾತ್ರ ಮೊದಲು ಹಣ ಕಳುಹಿಸಿ ಆಮೇಲೆ ಫೋನು ಮಾಡಿದ. ಅವನು ಕಳುಹಿಸಿದ್ದು ೯,೦೦೦ ರೂಪಾಯಿ. ಮಗಳ ಶಾಲೆಯ ಎರಡನೆಯ ಕಂತಿಗೆಂದು ತೆಗೆದಿಟ್ಟದ್ದೆಂದು ನನಗೆ ತಿಳಿದದ್ದು ಮುಂದೆ ಎಷ್ಟೋ ದಿನಗಳ ಮೇಲೆ, ಅದೂ ಬೇರೊಬ್ಬರ ಬಾಯಿಂದ.

“ನಿನಗೆ ಸ್ವಲ್ಪವೂ ಸಂಶಯ ಬರಲಿಲ್ಲವೇನಯ್ಯಾ?” ಎಂದು ನಾನು ಕೇಳಿದೆ.

“ಬಂತು ಸಾರ್. ನೀವು ನನ್ನನ್ನು ಯಾವತ್ತೂ ‘ಏನಯ್ಯಾ’ ಅಂತಲೇ ಕರೆಯುವವರು. ಅವನು ‘ಆತ್ಮೀಯ ಸ್ನೇಹಿತರೇ, ತಾವು ಹೇಗಿದ್ದೀರಿ’ ಅಂತ ಬರೆದಿದ್ದ. ಕಷ್ಟ ಬಂದಾಗ ಮೇಷ್ಟ್ರೂ ‘ತಾವು’ ಅನ್ನುತ್ತಾರೇನೋ ಅಂದುಕೊಂಡೆ. ಹಣ ಕಳಿಸುವಾಗ ಪರದೆಯ ಮೇಲೆ ಬೇರೆ ಯಾರದೋ ಹೆಸರು ಬಂತು. ಆಸ್ಪತ್ರೆಯ ಗುಮಾಸ್ತನದಿರಬಹುದು ಅಂದುಕೊಂಡೆ. ನಿಮಗೆ ಫೋನು ಮಾಡಿ ‘ನೀವೇನಾ?’ ಅಂತ ಕೇಳುವುದಕ್ಕೆ ನಾಚಿಕೆಯಾಯಿತು ಸಾರ್. ಗುರುಗಳನ್ನು ಹಾಗೆ ಕೇಳುವುದೇ?”

ಈ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಅವನಿಗೆ ಕಣ್ಣಿರಲಿಲ್ಲವೆಂದಲ್ಲ; ಕಣ್ಣು ಕಂಡುದನ್ನು ಭಕ್ತಿ ಮುಚ್ಚಿತು. ಆ ಭಕ್ತಿಯನ್ನು ಕಲಿಸಿದವರು ನಾವೇ. ಪಾಠದ ನಡುವೆ “ಇದಕ್ಕೆ ಆಧಾರವೇನು ಸಾರ್?” ಎಂದು ಕೇಳಿದ ಹುಡುಗರನ್ನು ನಾನು ಎಷ್ಟು ಸಲ “ಕುಳಿತುಕೋ, ಆಮೇಲೆ ಹೇಳುತ್ತೇನೆ” ಎಂದು ಕೂರಿಸಿದ್ದೇನೋ ಲೆಕ್ಕವಿಲ್ಲ. ಆಮೇಲೆ ಹೇಳಿದ್ದೂ ಇಲ್ಲ.

ಇನ್ನು ಕಳ್ಳನ ವಿಷಯ. ಅವನು ದೊಡ್ಡ ಮಾಂತ್ರಿಕನೇನೂ ಅಲ್ಲ. ಅವನಿಗೆ ಏಣಿ ಹಾಕಿಕೊಟ್ಟವನು ನಾನೇ. ಆ ಚಿತ್ರ, ಹಿಂದಿನ ವರ್ಷ ನಮ್ಮ ಊರಿನ ಸಂಘದವರು ಹಾರ ಹಾಕಿದಾಗ ತೆಗೆದದ್ದು. ಜಗತ್ತೆಲ್ಲ ನೋಡಲೆಂದು ನಾನೇ ಹಾಕಿದ್ದೆ. ಸ್ನೇಹಿತರ ಪಟ್ಟಿ ಊರ ಬಾವಿಯಂತೆ ಎಲ್ಲರಿಗೂ ತೆರೆದಿತ್ತು. ತಾಯಿಯವರನ್ನು ಎರಡು ತಿಂಗಳ ಹಿಂದೆ ನಿಜವಾಗಿಯೂ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿತ್ತು; ಆ ಕಳವಳದಲ್ಲಿ ನಾನೇ ನಾಲ್ಕು ಸಾಲು ಬರೆದು ಎಲ್ಲರ ಹಾರೈಕೆ ಬೇಡಿದ್ದೆ. ಹೀಗೆ ಕತೆಯ ನಾಯಕ, ಚಿತ್ರ, ಪಾತ್ರವರ್ಗ, ಸನ್ನಿವೇಶ ಇವೆಲ್ಲವನ್ನೂ ನಾನು ಒದಗಿಸಿದೆ; ಅವನು ಕೇವಲ ಸಂಭಾಷಣೆ ಬರೆದ. ಅದನ್ನೂ ಕೆಟ್ಟದಾಗಿ ಬರೆದ.

ಆ ನಕಲಿಯನ್ನು ತೆಗೆಸುವ ಪ್ರಯತ್ನ ಇನ್ನೊಂದು ಪ್ರಹಸನ. ನಾನೇ ನಾನೆಂದು ಸಾಧಿಸಬೇಕಾಯಿತು. ಯಾವ ಮನುಷ್ಯನ ಮುಖವೂ ಕಾಣದ ಆ ಕಚೇರಿಗೆ ನನ್ನ ಗುರುತಿನ ಚೀಟಿಯ ಚಿತ್ರ ಕಳುಹಿಸಿದೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ದೂರಿತ್ತರು. ಆರನೆಯ ದಿನ ಎರಡನೆಯ ನಾನು ಅಂತರ್ಧಾನನಾದ. ಅಷ್ಟರೊಳಗೆ ಅವನಿಗೆ ನನಗಿಂತ ಹೆಚ್ಚು ಮಂದಿ ಹುಟ್ಟುಹಬ್ಬದ ಶುಭಾಶಯ ಕೋರಿದ್ದರೆಂಬುದನ್ನು ಇಲ್ಲಿ ಹೇಳದಿರಲಾರೆ.

ಹಣ ಬರಲಿಲ್ಲ. ೧೯೩೦ ಎಂಬ ಸಂಖ್ಯೆಗೆ ಒಡನೆಯೇ ಕರೆಮಾಡಿದ್ದರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮುನ್ನ ತಡೆಹಿಡಿಯುವ ಸಂಭವವಿರುತ್ತದೆ; ಇಂಥ ವಂಚನೆಗಳಿಗೆಂದೇ ದೇಶಕ್ಕೆಲ್ಲ ಏರ್ಪಡಿಸಿದ ಸಂಖ್ಯೆಯದು. ನಮ್ಮಿಬ್ಬರಿಗೂ ಅದು ತಿಳಿಯುವಷ್ಟರಲ್ಲಿ ಒಂದು ರಾತ್ರಿ ಕಳೆದಿತ್ತು. ಪಂಪನ ಹುಟ್ಟಿದ ವರ್ಷವನ್ನು ನಿದ್ದೆಯಲ್ಲೆಬ್ಬಿಸಿ ಕೇಳಿದರೂ ಹೇಳುವ ಮೇಷ್ಟ್ರಿಗೆ ಈ ನಾಲ್ಕು ಅಂಕಿಗಳು ಗೊತ್ತಿರಲಿಲ್ಲ. ಗಣಕಯಂತ್ರದ ನೆರವಿನಿಂದ ಬೇರೊಬ್ಬನಂತೆ ನಟಿಸಿ ವಂಚಿಸಿದವನಿಗೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಡಿ ವಿಧಿಯಂತೆ ಮೂರು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಉಂಟು. ಆದರೆ ಕಾಯಿದೆ ಹಿಡಿಯುವುದು ಸಿಕ್ಕಿದವನನ್ನು.

ಈ ಪ್ರಕರಣದ ಬಿಸಿಯಲ್ಲಿದ್ದಾಗಲೇ ನಾನು ಎಂ.ಎ. ತರಗತಿಗೆ ಗ್ರಂಥಸಂಪಾದನೆಯ ಪಾಠ ಆರಂಭಿಸಬೇಕಾಗಿತ್ತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಹೊರಬಂದದ್ದು. ನಮ್ಮ ತಲೆಮಾರಿನವರೆಲ್ಲ ಅದನ್ನೋದಿ ಪರೀಕ್ಷೆ ಬರೆದವರು. ಹುಡುಗರು ಸಾಮಾನ್ಯವಾಗಿ ಆಕಳಿಸುವ ಪಾಠವಿದು. ಓಲೆಗರಿ, ಲಿಪಿಕಾರ, ಪಾಠಾಂತರ, ಪ್ರಕ್ಷಿಪ್ತ, ಗ್ರಂಥಪಾತ — ಈ ಪದಗಳನ್ನು ಕೇಳಿದೊಡನೆ ಹಿಂದಿನ ಬೆಂಚಿನವರು ಕಿಟಕಿಯತ್ತ ನೋಡುತ್ತಾರೆ. ನಾನೂ ವರ್ಷಗಟ್ಟಲೆ ಅದನ್ನು ಒಣಗಿದ ಓಲೆಯಂತೆಯೇ ಪಾಠ ಹೇಳಿದ್ದೇನೆ. ಈ ಸಲ ಮಾತ್ರ ಪುಸ್ತಕ ತೆರೆದೊಡನೆ ನನಗೇ ಬೆರಗಾಯಿತು. ದಾವಣಗೆರೆಯ ಹುಡುಗ ಆ ಬೆಳಿಗ್ಗೆ ಮಾಡಬೇಕಾಗಿದ್ದ ಕೆಲಸವೆಲ್ಲ ಇದರಲ್ಲಿತ್ತು. ‘ತಾವು’ ಎಂಬ ಸಂಬೋಧನೆ ಆಂತರಿಕ ಪ್ರಮಾಣ; ಪರದೆಯ ಮೇಲೆ ಮೂಡಿದ ಬೇರೆಯ ಹೆಸರು ಬಾಹ್ಯ ಪ್ರಮಾಣ. ಎರಡೂ ಅವನ ಕೈಯಲ್ಲಿದ್ದವು. ಅವುಗಳ ಮೇಲೆ ತೀರ್ಪು ಕೊಡುವ ಧೈರ್ಯ ಮಾತ್ರ ಇರಲಿಲ್ಲ.

ಕಪಟವೇನೂ ಹೊಸದಲ್ಲ. ಶಾಸನಗಳ ಲೋಕದಲ್ಲಿ ‘ಕೂಟಶಾಸನ’ ಎಂಬ ಹೆಸರೇ ಉಂಟು. ಭೂಮಿಯ ಮೇಲೆ ಹಕ್ಕು ಸಾಧಿಸಬೇಕಾದವನು ಹಿಂದಿನ ಯಾವನೋ ಅರಸನ ಹೆಸರಿನಲ್ಲಿ ತಾಮ್ರಪಟವೊಂದನ್ನು ಹುಟ್ಟಿಸುವುದು, ವಂಶಾವಳಿ, ಬಿರುದು, ಶಾಪಾಶಯ ಎಲ್ಲವನ್ನೂ ಕ್ರಮವಾಗಿ ತುಂಬುವುದು, ಮುದ್ರೆಯೊತ್ತುವುದು. ನಮ್ಮ ಗಂಗ ಅರಸರ ತಾಮ್ರಶಾಸನಗಳನ್ನು ಕುರಿತು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಒಂದು ಕಡೆ ಮೈಸೂರು ಸೀಮೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಕೂಡಿಹಾಕಿದ ಬಿ.ಎಲ್. ರೈಸ್, ಇನ್ನೊಂದು ಕಡೆ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಇತಿಹಾಸವನ್ನು ಬರೆದ ಜೆ.ಎಫ್. ಫ್ಲೀಟ್. ರೈಸರು ಬಹುಮಟ್ಟಿಗೆ ನಂಬಿದರು. ಫ್ಲೀಟರು ಬಹುಮಟ್ಟಿಗೆ ನಂಬಲಿಲ್ಲ. ಮಡಿಕೇರಿಯಲ್ಲಿ ದೊರೆತ ತಾಮ್ರಪಟಗಳನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಾಣಿಸಿದ ೩೮೮ ಎಂಬ ವರ್ಷವನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. ೪೬೬ ಆಗುತ್ತದೆ, ಆದರೆ ಅಕ್ಷರಗಳ ಬಟ್ಟು ಅಷ್ಟು ಹಳೆಯದಲ್ಲವೆಂದು ವಿದ್ವಾಂಸರು ವಾದಿಸಿದರು. ಅರಸನ ಹೆಸರನ್ನು ಕದಿಯಬಹುದು, ಬಿರುದುಗಳನ್ನು ಕದಿಯಬಹುದು. ಬರೆಯುವವನ ಕೈ ಮಾತ್ರ ತನ್ನ ಕಾಲವನ್ನು ತಾನೇ ಹೇಳಿಬಿಡುತ್ತದೆ. ನನ್ನ ಕಳ್ಳನ ‘ತಾವು’ ಹಾಗೆಯೇ ಹೇಳಿತು.

ಲಿಪಿ ಆ ಕಾಲದ್ದೆ? ತಿಥಿಗೂ ವಾರಕ್ಕೂ ಹೊಂದುತ್ತದೆಯೆ? ಭಾಷೆ ಅವನದೆ? ನಿಸ್ಸಂದೇಹವಾದ ಬೇರೆ ಶಾಸನಗಳು ಈ ಸಂಗತಿಯನ್ನು ಹೇಳುತ್ತವೆಯೆ? ಈ ಶಾಸನದಿಂದ ಲಾಭ ಯಾರಿಗೆ? ಈ ಐದು ಪ್ರಶ್ನೆಗಳನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು, “ಈಗ ನಿಮ್ಮ ಫೋನುಗಳನ್ನು ಹೊರಗೆ ತೆಗೆಯಿರಿ” ಎಂದೆ. ಇಪ್ಪತ್ತು ವರ್ಷದ ಅಧ್ಯಾಪಕವೃತ್ತಿಯಲ್ಲಿ ನಾನು ಹಾಗೆಂದದ್ದು ಮೊದಲ ಸಲ. ಹುಡುಗರು ಇದರಲ್ಲೇನೋ ಮೋಸವಿರಬೇಕೆಂದು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಸಂಶಯದ ಪಾಠ ಅಲ್ಲಿಂದಲೇ ಶುರುವಾಯಿತೆನ್ನಬಹುದು.

ಅಂದು ನಾವು ಪರೀಕ್ಷೆಗೆ ತೆಗೆದುಕೊಂಡದ್ದು ಒಂದು ‘ಬಸವಣ್ಣನವರ ವಚನ’. ಗುಲಾಬಿ ಹೂವಿನ ಚಿತ್ರದ ಮೇಲೆ ಅಚ್ಚುಹಾಕಿ ಯಾರೋ ಹರಿಯಬಿಟ್ಟದ್ದು. ಕೊನೆಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವೂ ಇತ್ತು. ಮೂರನೆಯ ಸಾಲಿನಲ್ಲಿ ‘ಧನಾತ್ಮಕ ಚಿಂತನೆ’ ಎಂಬ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಧನಾತ್ಮಕ ಚಿಂತನೆ ಮಾಡುತ್ತಿದ್ದವರು ಭಂಡಾರದ ಲೆಕ್ಕಿಗರು ಮಾತ್ರ ಇರಬೇಕು! ಕರ್ನಾಟಕ ಸರ್ಕಾರ ೧೯೯೩ರಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದ ೧೫ ಸಂಪುಟಗಳು ನಮ್ಮ ಗ್ರಂಥಾಲಯದಲ್ಲಿವೆ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಒಂದು ಪದವನ್ನು ಕೊಟ್ಟು ವಚನಗಳನ್ನು ಹುಡುಕುವ ಅನುಕೂಲವೂ ಇದೆ. ಇಬ್ಬರು ಪುಸ್ತಕದಲ್ಲಿ, ಇಬ್ಬರು ತಾಣದಲ್ಲಿ ಹುಡುಕಿದರು. ಎಲ್ಲಿಯೂ ಇಲ್ಲ. ಒಬ್ಬ ಹುಡುಗ ಆ ಚಿತ್ರವನ್ನೇ ಹಿಡಿದು, ಅದು ಬೇರೆಲ್ಲೆಲ್ಲಿ ಕಾಣಿಸಿಕೊಂಡಿದೆಯೆಂದು ಹಿಂದಕ್ಕೆ ಹಿಂದಕ್ಕೆ ಹೋದ. ಪ್ರತಿಯಿಂದ ಮಾತೃಕೆಗೆ, ಮಾತೃಕೆಯಿಂದ ಮೂಲಕ್ಕೆ ಹೋಗುವ ಕ್ರಮ ಇದಲ್ಲದೆ ಬೇರೇನು? ಕೊನೆಗೆ ಒಂದು ಶುಭೋದಯದ ಚಿತ್ರದಲ್ಲಿ ದಾರಿ ನಿಂತಿತು. ಅದರಾಚೆಗೆ ಬಸವಣ್ಣನವರೂ ಇರಲಿಲ್ಲ, ಯಾರೂ ಇರಲಿಲ್ಲ.

“ಆದರೂ ಅರ್ಥ ಚೆನ್ನಾಗಿದೆಯಲ್ಲ ಸಾರ್?” ಎಂದಳು ಒಬ್ಬಳು.

ಚೆನ್ನಾಗಿರಲಿ, ಬರೆದವನು ತನ್ನ ಹೆಸರು ಹಾಕಿಕೊಳ್ಳಲಿ. ತನ್ನ ಮಾತಿಗೆ ತೂಕ ಸಾಲದೆಂದು ಇನ್ನೊಬ್ಬರ ಅಂಕಿತವನ್ನು ಎರವಲು ತರುವುದು, ತಾಯಿಯ ಚಿಕಿತ್ಸೆಗೆಂದು ನನ್ನ ಹೆಸರಿನಲ್ಲಿ ಹಣ ಬೇಡುವುದು — ಎರಡಕ್ಕೂ ಮೊತ್ತದಲ್ಲಿ ವ್ಯತ್ಯಾಸವಿದ್ದೀತು, ಜಾತಿ ಒಂದೇ. ಹರಿದಾಸರ ಪರಂಪರೆಯಲ್ಲಿ ಅಂಕಿತವನ್ನು ಗುರು ಕೊಡಬೇಕಾಗಿತ್ತು. ಶಿಷ್ಯ ತಾನಾಗಿ ಇಟ್ಟುಕೊಳ್ಳುವಂತಿರಲಿಲ್ಲ. ಹಾಗಿದ್ದೂ ಪುರಂದರವಿಠಲನ ಅಂಕಿತದಲ್ಲಿ ಪುರಂದರದಾಸರು ಬರೆಯದ ಹಾಡುಗಳು ಸೇರಿಕೊಂಡುವೆಂದು ವಿದ್ವಾಂಸರು ಹೇಳುತ್ತಾರೆ. ಕೇಳುವವರಿಲ್ಲದ ಈಗಿನ ಬಯಲಿನಲ್ಲಿ ಏನೇನು ಸೇರಬಾರದು?

ಅಂಕಿತದ ಕಳವು ವಾಚಕನಿಗೆ ವಿನೋದವಾಗಿ ಕಾಣಬಹುದು. ಪಾಠ ಹೇಳುತ್ತಿದ್ದ ನನಗೂ ಆ ಗಂಟೆಯಲ್ಲಿ ವಿನೋದವೇ ಆಗಿತ್ತು. ಆದರೆ ಮರುದಿನ ‘ಗ್ರಂಥಪಾತ’ಕ್ಕೆ, ಎಂದರೆ ಪ್ರತಿಯೊಂದರಲ್ಲಿ ಓಲೆ ಕಳೆದುಹೋಗಿ ಭಾಗವೊಂದು ಲುಪ್ತವಾಗುವುದಕ್ಕೆ, ಈ ಕಾಲದ ಉದಾಹರಣೆಯನ್ನು ಹುಡುಕುತ್ತಿರುವಾಗ ಕೈಗೆ ಸಿಕ್ಕಿದ್ದು ವಿನೋದದ್ದಲ್ಲ.

೨೦೧೮ರ ಬೇಸಿಗೆಯಲ್ಲಿ, ಮಕ್ಕಳನ್ನು ಕದಿಯುವ ತಂಡಗಳು ಊರೂರಿಗೆ ಬಂದಿವೆಯೆಂಬ ವದಂತಿ ದೇಶದ ಹಲವು ರಾಜ್ಯಗಳಲ್ಲಿ ಹಬ್ಬಿತು. ವದಂತಿಯ ಜೊತೆಗೆ ಒಂದು ಚಲಚ್ಚಿತ್ರದ ತುಣುಕು ಓಡಾಡುತ್ತಿತ್ತು: ಬೀದಿಯಲ್ಲಿ ಮಕ್ಕಳು ಆಡುತ್ತಿವೆ, ಮೋಟಾರ್ ಸೈಕಲ್ ಮೇಲೆ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದ ತಾಯಂದಿರ ಎದೆ ನಡುಗಿದ್ದು ಸಹಜ. ಆದರೆ ಅದು ನಮ್ಮ ದೇಶದ್ದೇ ಅಲ್ಲ. ಕರಾಚಿಯಲ್ಲಿ, ಮಕ್ಕಳ ರಕ್ಷಣೆಯ ವಿಷಯದಲ್ಲಿ ಜನರನ್ನು ಎಚ್ಚರಿಸಲೆಂದೇ ತಯಾರಿಸಿದ ಚಿತ್ರವದು. ಅದರ ಕೊನೆಯಲ್ಲಿ ಆ ಇಬ್ಬರೂ ಹಿಂದಿರುಗಿ ಬಂದು ಮಗುವನ್ನು ಇಳಿಸುತ್ತಾರೆ. ಮಗುವನ್ನು ಕದಿಯಲು ಒಂದು ಕ್ಷಣ ಸಾಕೆಂದು ಬರೆದ ಫಲಕವನ್ನು ಎತ್ತಿ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಕಡೆಯ ಓಲೆ ಹೋಯಿತು. ಎಚ್ಚರಿಕೆ ವಾರ್ತೆಯಾಯಿತು.

ಆ ವರ್ಷದ ಮೇ ತಿಂಗಳಲ್ಲಿ ರಾಜಸ್ಥಾನದಿಂದ ಕೆಲಸಕ್ಕಾಗಿ ಬಂದಿದ್ದ ಯುವಕನೊಬ್ಬ ಬೆಂಗಳೂರಿನಲ್ಲಿ ಮಕ್ಕಳ ಕಳ್ಳನೆಂಬ ಸಂಶಯಕ್ಕೆ ಗುರಿಯಾಗಿ ಜನರ ಹೊಡೆತಕ್ಕೆ ಸತ್ತ. ಜುಲೈ ೧೩ರಂದು ಬೀದರ್ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯ ಬಳಿ ಇನ್ನೊಂದು ಸಾವು. ಹೈದರಾಬಾದಿನಿಂದ ಸ್ನೇಹಿತರೊಡನೆ ಬಂದಿದ್ದ ಯುವ ಎಂಜಿನಿಯರ್ ಆತ. ದಾರಿಯಲ್ಲಿ ನಿಂತಾಗ ಅವರ ಪೈಕಿ ಒಬ್ಬರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ ತಪ್ಪು. ಅಲ್ಲಿನ ಜನ ಮುತ್ತಿದಾಗ ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರು. ಆದರೆ ಅವರ ಕಾರಿಗಿಂತ ಮುಂಚೆ ಅವರ ಸುದ್ದಿ ವಾಟ್ಸಾಪಿನಲ್ಲಿ ಮುಂದಿನ ಹಳ್ಳಿಗೆ ಮುಟ್ಟಿತ್ತು. ಅದೇ ತಿಂಗಳಲ್ಲಿ ಆ ಕಂಪನಿಯವರು, ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸಲಾಗದಂತೆ ಮಿತಿ ಹಾಕಿದರು. ದಾಟಿಬಂದ ಮಾತಿಗೆ ಹಾಗೆಂಬ ಗುರುತನ್ನೂ ಹಚ್ಚಿದರು.

ಇದನ್ನು ಹೇಳಿ ಮುಗಿಸಿದಾಗ ತರಗತಿಯಲ್ಲಿ ಯಾರೂ ಆಕಳಿಸಲಿಲ್ಲ. ಬೀದರ್ ಕಡೆಯಿಂದ ಬಂದು ಓದುತ್ತಿರುವ ಹುಡುಗನೊಬ್ಬ ಮಾತ್ರ, “ಆ ವಾರ ನಮ್ಮಪ್ಪಾರ ಫೋನಿಗೂ ಬಂದಿತ್ತ್ರೀ ಸರ್ ಆ ಮಗಾ ಎತ್ಕೊಂಡ್ ಹೋಗೋದು. ನಾನೇ ನಾಕ್ ಮಂದಿಗಿ ಕಳಿಸಿದ್ದೆ” ಎಂದು ತಲೆತಗ್ಗಿಸಿದ. ಆಗ ಅವನಿಗೆ ಹದಿನೈದೋ ಹದಿನಾರೋ ವಯಸ್ಸು. ಓಲೆಗರಿಯ ಲಿಪಿಕಾರ ಒಂದು ಕಾವ್ಯವನ್ನು ಪ್ರತಿಮಾಡಲು ತಿಂಗಳುಗಟ್ಟಲೆ ಬೆನ್ನು ಬಗ್ಗಿಸುತ್ತಿದ್ದ. ತಪ್ಪುಗಳಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಕೊನೆಯಲ್ಲಿ ಕೈಮುಗಿದು ಬೇಡಿಕೊಳ್ಳುತ್ತಿದ್ದ. ಈಗ ನಾವೆಲ್ಲರೂ ಲಿಪಿಕಾರರೇ. ಬೆರಳೊತ್ತಿದರೆ ಪ್ರತಿ ಸಿದ್ಧ. ಬೇಡಿಕೊಳ್ಳುವ ಸಾಲನ್ನು ಮಾತ್ರ ಬಿಟ್ಟುಬಿಟ್ಟಿದ್ದೇವೆ.

ಇಷ್ಟು ದೂರ ನಾನು ಮೇಷ್ಟ್ರಾಗಿದ್ದೆ. ಮುಂದಿನ ವಾರ ಶಿಷ್ಯನಾಗಬೇಕಾಯಿತು. ನನ್ನ ಹೆಸರು ಕಳುವಾದ ಸಿಟ್ಟು ಆರಿರಲಿಲ್ಲವಷ್ಟೆ. ಆ ಸಿಟ್ಟಿನಲ್ಲಿ, “ಸ್ವಂತ ಹೆಸರು, ಸ್ವಂತ ಮುಖ ತೋರಿಸದೆ ಬರೆಯುವವರ ಮಾತಿಗೆ ಕವಡೆಯ ಬೆಲೆಯಿಲ್ಲ” ಎಂದುಬಿಟ್ಟೆ. ನಮ್ಮ ತರಗತಿಯಲ್ಲೊಬ್ಬ ಹುಡುಗಿಯಿದ್ದಾಳೆ. ಸೊಗಸಾಗಿ ಕವಿತೆ ಬರೆಯುತ್ತಾಳೆ. ಜಾಲತಾಣದಲ್ಲಿ ಅವಳ ಮುಖವಿಲ್ಲ, ಮುಖದ ಬದಲು ಒಂದು ಪಾರಿಜಾತದ ಹೂವಿನ ಚಿತ್ರ. ಹೆಸರೂ ಅವಳದಲ್ಲ. ಅವಳು ಎದ್ದು ನಿಂತು ಬಹಳ ವಿನಯದಿಂದ, “ತ್ರಿವೇಣಿಯವರಿಗೂ ಹಾಗೇ ಹೇಳುತ್ತೀರಾ ಸಾರ್?” ಎಂದಳು.

ನಾನು ನಿರುತ್ತರನಾದೆ. ಅನಸೂಯಾ ಶಂಕರ್ ತ್ರಿವೇಣಿಯಾಗಿ ಬರೆದರು. ಬೇಂದ್ರೆಯವರು ಅಂಬಿಕಾತನಯದತ್ತರು. ರಾಯಸಂ ಭೀಮಸೇನರಾಯರನ್ನು ಬೀಚಿಯೆಂದಲ್ಲದೆ ಗುರುತಿಸುವವರು ಎಷ್ಟು ಮಂದಿ? ನಂದಳಿಕೆಯ ಲಕ್ಷ್ಮೀನಾರಣಪ್ಪನಂತೂ ವ್ಯಾಯಾಮ ಕಲಿಸುವ ಬಡಮೇಷ್ಟ್ರು. ತನ್ನ ಕೃತಿಯನ್ನು ಹಳೆಯ ಕವಿಯೊಬ್ಬನದೆಂದು ಹೇಳಿ ಮೈಸೂರಿನ ಪತ್ರಿಕೆಯವರಿಗೆ ಕಳುಹಿಸಿ ಮುದ್ದಣನಾದ. ಕಟ್ಟುನಿಟ್ಟಾಗಿ ನೋಡಿದರೆ ಅದೂ ಕೂಟಶಾಸನವೇ! ಆದರೆ ಅವನು ಕದ್ದದ್ದೇನು? ಯಾರ ಹೆಸರನ್ನೂ ಅಲ್ಲ. ತನ್ನ ಹೆಸರನ್ನು ತಾನೇ ಬಚ್ಚಿಟ್ಟ. ನಷ್ಟವಾದದ್ದು ಅವನೊಬ್ಬನಿಗೆ. ೧೯೦೧ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಕೀರ್ತಿ ಬಂದು ತಲುಪುವ ಮುಂಚೆ ತೀರಿಕೊಂಡ.

ಹೆಸರನ್ನು ಮರೆಮಾಡುವುದು ಬೇರೆ, ಹೆಸರನ್ನು ಕದಿಯುವುದು ಬೇರೆ. ಸಿಟ್ಟಿನಲ್ಲಿ ನಾನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೆ. ತನ್ನ ಹೆಸರಿನಲ್ಲಿ ಬರೆದರೆ ಊರಿನ ಚಿಕ್ಕಪ್ಪ ಅಪ್ಪನಿಗೆ ಫೋನು ಮಾಡುತ್ತಾನೆ, ಅಪ್ಪ ಓದು ಬಿಡಿಸುತ್ತಾರೆ ಎಂದು ಆ ಹುಡುಗಿ ಆಮೇಲೆ ಹೇಳಿದಳು. ಅವಳ ಪಾರಿಜಾತ ಸೋಗಲ್ಲ, ಬೇಲಿ. ನನಗೆ ಆ ಬೇಲಿಯಿರಲಿಲ್ಲ. ಇದ್ದಿದ್ದರೆ ದಾವಣಗೆರೆಯಲ್ಲಿ ಒಂದು ಮಗುವಿನ ಶುಲ್ಕ ಉಳಿಯುತ್ತಿತ್ತು.

ಆ ಬೇಲಿ ಹಾಕಿಕೊಳ್ಳುವ ಹಕ್ಕು ಹೇಗೆ ಬಂತೆಂಬುದಕ್ಕೂ ನಮ್ಮ ನಾಡಿಗೂ ನಂಟುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು, ವಿಶ್ರಾಂತಿಯಿಂದ ಮನೆಯಲ್ಲಿರಬೇಕಾದ ಎಂಬತ್ತಾರರ ವಯಸ್ಸಿನಲ್ಲಿ, ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯೊಳಗಿನಿಂದ ಹುಟ್ಟಿದ ಪ್ರಶ್ನೆಗೆ ಒಂಬತ್ತು ಮಂದಿ ನ್ಯಾಯಾಧೀಶರ ಪೀಠ ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಉತ್ತರ ಕೊಟ್ಟಿತು: ಖಾಸಗಿತನ ಪ್ರಜೆಯ ಮೂಲಭೂತ ಹಕ್ಕು. ಆಧಾರ್ ಯೋಜನೆಯನ್ನು ಮರುವರ್ಷ ಇನ್ನೊಂದು ಪೀಠ ಬಹುಪಾಲು ಎತ್ತಿಹಿಡಿಯಿತೆಂಬುದು ಬೇರೆ ಮಾತು. ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ, ನಮ್ಮನ್ನು ಕುರಿತ ವಿವರಗಳನ್ನು ತಿದ್ದುವಂತೆಯೂ ಅಳಿಸುವಂತೆಯೂ ಕೇಳುವ ಹಕ್ಕನ್ನು ಬರೆದಿಟ್ಟಿದೆ. ಪುಟ್ಟಸ್ವ‍ಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಪಾರಿಜಾತದ ಹುಡುಗಿಗೆ ಅವರ ಹೆಸರು ಗೊತ್ತಿರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ಈ ಗಲಭೆಗೆ ಮುನ್ನ ನನಗೂ ಅಷ್ಟಾಗಿ ಗೊತ್ತಿರಲಿಲ್ಲ.

ಅಳಿಸುವ ಹಕ್ಕಿನ ಮಾತು ಬಂದಾಗ ಹುಡುಗರ ಮುಖದಲ್ಲಿ ಕಂಡ ಕುತೂಹಲ ನನಗೆ ಹೊಸದು. ನಾವು ಹದಿನೈದರಲ್ಲಿ ಬರೆದ ಪ್ರೇಮಕವಿತೆಗಳನ್ನು ಹಂಡೆಯ ಒಲೆಗೆ ಹಾಕಿ ಬಂದವರು. ಕುವೆಂಪು ಅವರು ಎಳೆಯ ವಯಸ್ಸಿನಲ್ಲಿ ‘ಕಿಶೋರಚಂದ್ರವಾಣಿ’ ಎಂಬ ಹೆಸರಿಟ್ಟುಕೊಂಡಿದ್ದರು. ಪೊರೆ ಕಳಚಿದಂತೆ ಅದನ್ನು ಹಿಂದೆ ಬಿಟ್ಟು ಬರುವ ಅವಕಾಶ ಅವರಿಗಿತ್ತು. ಇವರಿಗೆಲ್ಲಿದೆ? ಹದಿನಾಲ್ಕರಲ್ಲಿ ಸಿಟ್ಟಿನಿಂದ ಬರೆದ ಒಂದು ಸಾಲು, ಹುಡುಗಾಟಕ್ಕೆ ತೆಗೆದ ಒಂದು ಚಿತ್ರ, ಇಪ್ಪತ್ತನಾಲ್ಕರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ ಎದುರಿಗೆ ಬಂದು ಕೂರುತ್ತದೆ. ಆ ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರನ್ನು ತಾವೇ ಹುಡುಕಿ ನೋಡುವ ಕೆಲಸ ಕೊಟ್ಟೆ: ಅಪರಿಚಿತನೊಬ್ಬನಿಗೆ ನೀವು ಹೇಗೆ ಕಾಣುತ್ತೀರಿ? ಮರುದಿನ ಬಂದವರಲ್ಲಿ ಕೆಲವರು ನಗುತ್ತಿದ್ದರು, ಕೆಲವರು ನಗುತ್ತಿರಲಿಲ್ಲ. ಏನು ಕಂಡಿತೆಂದು ನಾನು ಕೇಳಲಿಲ್ಲ.

ನಾನೂ ಹುಡುಕಿಕೊಂಡೆ. ಹಾರ ಹಾಕಿಸಿಕೊಂಡ ಚಿತ್ರವನ್ನು ತೆಗೆದೆ. ಸ್ನೇಹಿತರ ಪಟ್ಟಿಗೆ ಬಾಗಿಲು ಹಾಕಿದೆ. ಎಲ್ಲ ಖಾತೆಗಳಿಗೂ ಒಂದೇ ಗುಪ್ತಪದವಿಟ್ಟಿದ್ದೆ, ಅದೂ ನಮ್ಮ ಊರಿನ ಹೆಸರು. ಅದನ್ನು ಬದಲಿಸಿ, ಫೋನಿಗೊಂದು ಸಂಖ್ಯೆ ಬಂದ ಮೇಲಷ್ಟೇ ಬಾಗಿಲು ತೆರೆಯುವಂತೆ ಎರಡನೆಯ ಅಗಳಿಯನ್ನೂ ಹಾಕಿಸಿದೆ. ಹಾಕಿಕೊಟ್ಟವನು ಬಿ.ಎ. ಎರಡನೆಯ ವರ್ಷದ ಹುಡುಗ. “ಈ ಸಂಖ್ಯೆಯನ್ನು ಯಾರು ಕೇಳಿದರೂ ಹೇಳಬಾರದು ಸಾರ್, ನಾನು ಕೇಳಿದರೂ” ಎಂದು ಗುರುವಿನಂತೆ ಬೆರಳೆತ್ತಿ ಎಚ್ಚರಿಸಿದ.

ದಾವಣಗೆರೆಯವನ ಹಣದ ಋಣ ನನ್ನನ್ನು ಬಾಧಿಸುತ್ತಲೇ ಇತ್ತು. ಕದ್ದವನು ನಾನಲ್ಲ, ನಿಜ. ಆದರೆ ಅವನು ಕೊಟ್ಟದ್ದು ನನಗೇ ತಾನೆ? ದೀಪಾವಳಿಯ ಮುಂಚೆ ೯,೦೦೦ ರೂಪಾಯಿಯನ್ನು ಹೊಂದಿಸಿಕೊಂಡು, “ನಿನ್ನ ಬ್ಯಾಂಕಿನ ಖಾತೆಯ ವಿವರ ಕಳುಹಿಸಯ್ಯಾ, ಸ್ವಲ್ಪ ಹಣ ಹಾಕುವುದಿದೆ” ಎಂದು ಅವನಿಗೆ ಬರೆದೆ. ಉತ್ತರ ಬರಲಿಲ್ಲ. ಒಂದು ಗಂಟೆಯ ಮೇಲೆ ಫೋನು ಬಂತು. ಧ್ವನಿಯಲ್ಲಿ ಎಂದಿನ ಸಂಕೋಚವಿಲ್ಲ.

“ಯಾರು ಮಾತಾಡುತ್ತಿರುವುದು?”

“ನಾನಯ್ಯಾ, ನಿಮ್ಮ ಮೇಷ್ಟ್ರು.”

“ಮೇಷ್ಟ್ರ ಧ್ವನಿಯನ್ನೂ ಈಗ ಯಂತ್ರದಲ್ಲಿ ಮಾಡುತ್ತಾರಂತೆ. ತಪ್ಪು ತಿಳಿಯಬೇಡಿ. ಬಿ.ಎ.ಯಲ್ಲಿ ನೀವು ನನಗೊಂದು ಅಡ್ಡಹೆಸರಿಟ್ಟಿದ್ದಿರಿ. ಏನದು, ಹೇಳಿ.”

ನನಗೆ ಬೆವರು ಬಂತು. ಹನ್ನೆರಡು ವರ್ಷಗಳ ಹಿಂದಿನ ಮಾತು. ಎಷ್ಟು ಹುಡುಗರು, ಎಷ್ಟು ಅಡ್ಡಹೆಸರುಗಳು! ಅತ್ತ ಕಡೆಯಲ್ಲಿ ಅವನು ಸುಮ್ಮನೆ ಕಾಯುತ್ತಿದ್ದ. ಫೋನು ಇಟ್ಟುಬಿಡುತ್ತಾನೇನೋ ಎನ್ನುವಷ್ಟರಲ್ಲಿ ಕಣ್ಣಮುಂದೆ ಆ ಹಳೆಯ ತರಗತಿ ಬಂತು. ಅವನ ಹಳ್ಳಿಯ ಬಸ್ಸು ಊರಿಗೆ ಬರುತ್ತಿದ್ದದ್ದು ಹತ್ತೂವರೆಗೆ. ದಿನವೂ ಮೊದಲ ಪಾಠ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಬಸ್ಸಿನ ವಿಷಯವನ್ನು ನಾನು ಕೇಳಿದವನಲ್ಲ. ಮೊದಲ ಓಲೆಯೇ ಇಲ್ಲದ ಪ್ರತಿಯೆಂದು ಎಲ್ಲರೆದುರಿಗೆ ಹಾಸ್ಯಮಾಡಿದ್ದೆ.

“ಗ್ರಂಥಪಾತ” ಎಂದೆ.

“ಸಾರ್, ನೀವೇ!” ಎಂದು ಅವನು ನಕ್ಕ. ನಕ್ಕವನು, ಹಣದ ಮಾತನ್ನು ಮಾತ್ರ ಎತ್ತಲು ಬಿಡಲಿಲ್ಲ.